ಓಡುವ ವ್ಯಾನಿನಲ್ಲಿ ಎರಡನೇ ಬ್ಯಾಟರಿ

ಮಂಡ್ಯ ಸುತ್ತಮುತ್ತ ಕೊಳವೆ ಬಾವಿಯ ಪಂಪು, ಸ್ಟಾರ್ಟರ್ ಪೆಟ್ಟಿಗೆ, ಕೇಬಲ್ ದುರಸ್ತಿ ಮಾಡುವುದು ನನ್ನ ಕಸುಬು. ಮೂರು ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುವ ಊರುಗಳಲ್ಲಿ ಮೋಟರ್ ಕೆಟ್ಟಿದ್ದು ಗೊತ್ತಾಗುವುದೂ ರಾತ್ರಿಯೇ. ದೀಪ, ಗ್ರೈಂಡರ್ ಎಲ್ಲವನ್ನೂ ವ್ಯಾನಿನ ಸ್ವಂತ ಬ್ಯಾಟರಿಯಿಂದಲೇ ನಡೆಸುತ್ತಿದ್ದೆ. ಪಾಂಡವಪುರದ ಕಡೆ ಒಂದು ಕಬ್ಬಿನ ಗದ್ದೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಕೀ ತಿರುಗಿಸಿದರೆ ಸೆಲ್ಫ್ ಟಕ್ ಎಂದು ಸುಮ್ಮನಾಯಿತು. ಗದ್ದೆಯ ಯಜಮಾನರು ಟ್ರ್ಯಾಕ್ಟರ್ ತಂದು, ಅದರ ಬ್ಯಾಟರಿಯಿಂದ ವೈರ್ ಕೊಟ್ಟು ಗಾಡಿ ಎಬ್ಬಿಸಿದರು. “ಎತ್ತಿನ ಮೇವನ್ನೆಲ್ಲ ಬೇರೆಯದಕ್ಕೆ ಹಾಕಿದರೆ ಎತ್ತು ಎದ್ದೀತೇನಪ್ಪ?” ಎಂದರು. ಕೆಲಸಕ್ಕೆಂದೇ ಎರಡನೇ ಬ್ಯಾಟರಿ ಇಡಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲು ಮನೆಯ ಇನ್ವರ್ಟರಿನ ಎತ್ತರದ ಟ್ಯೂಬ್ಯುಲರ್ ಬ್ಯಾಟರಿಯನ್ನು ಹಿಂದೆ ಇಟ್ಟುಕೊಂಡೆ. ಅದು ತಪ್ಪು. ನಾಲೆ ಏರಿಯ ಗುಂಡಿಗಳಲ್ಲಿ ಕುಲುಕಿ ಆಸಿಡ್ ಚೆಲ್ಲಿತು, ಚಾರ್ಜ್ ಆಗುವಾಗ ಮುಚ್ಚಿದ ವ್ಯಾನಿನೊಳಗೆ ವಾಸನೆ ತುಂಬಿತು. ಆ ಅನಿಲದಲ್ಲಿ ಹೈಡ್ರೋಜನ್ ಇರುತ್ತದೆ, ಒಂದು ಕಿಡಿ ಸಾಕು. ಅದನ್ನು ತೆಗೆದು ನೀರು ಹಾಕುವ ಅಗತ್ಯವಿಲ್ಲದ, ಸೀಲ್ ಮಾಡಿದ 100 ಆಂಪಿಯರ್-ಅವರ್ (ಒಂದು ಆಂಪಿಯರ್‌ನಂತೆ ನೂರು ಗಂಟೆ ಕೊಡುವಷ್ಟು) ಬ್ಯಾಟರಿ ತಂದೆ. ಸುಮಾರು 30 ಕಿಲೋ ತೂಕ. ನನ್ನದು ಎಂಜಿನ್ ಮುಂದಿನ ಸೀಟಿನ ಕೆಳಗಿರುವ ಹಳೆಯ ವ್ಯಾನ್. ಆ ಬಿಸಿಯಿಂದ ದೂರವಾಗಿ ಹಿಂದಿನ ಮೂಲೆಯಲ್ಲಿ ಕಬ್ಬಿಣದ ಪಟ್ಟಿ ಹಾಕಿ ಬಿಗಿದೆ.

ಗಾಡಿ ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಯಂತ್ರ) ಹಿಂದಿನ ಬ್ಯಾಟರಿಯನ್ನೂ ತುಂಬಲೆಂದು, ಕೀ ತಿರುಗಿಸಿದೊಡನೆ ಎರಡೂ ಬ್ಯಾಟರಿಗಳು ಸೇರುವಂತೆ ಮೊದಲು ಒಂದು ಸಾಮಾನ್ಯ ರಿಲೇ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್, ಹಾಕಿದ್ದೆ. ಸೆಲ್ಫ್ ಹೊಡೆಯುವಾಗ ಅದು ಹಿಂದಿನ ಬ್ಯಾಟರಿಯಿಂದಲೂ ಕರೆಂಟ್ ಎಳೆದು ಎರಡು ಸಲ ಫ್ಯೂಸ್ ಸುಟ್ಟಿತು. ಈಗ ಇರುವುದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ಎಂಜಿನ್ ಚಾಲೂ ಆಗಿ ಮುಂದಿನ ಬ್ಯಾಟರಿ (ವ್ಯಾನಿನ ಸ್ವಂತದ್ದು) 13.3 ವೋಲ್ಟ್ ದಾಟಿದ ಮೇಲೆ ಎರಡನ್ನೂ ಸೇರಿಸುತ್ತದೆ, 12.8ಕ್ಕೆ ಇಳಿದರೆ ಬಿಡಿಸುತ್ತದೆ. ಎಂಜಿನ್ ನಿಂತ ಮೇಲೆ ನನ್ನ ದೀಪಗಳು ಮುಂದಿನ ಬ್ಯಾಟರಿಯನ್ನು ಮುಟ್ಟಲಾರವು.

ಎಲ್ಲವೂ ಸರಿಯಾಯಿತೆಂದುಕೊಂಡೆ. ಆದರೂ ದಿನವಿಡೀ ಗಾಡಿ ಓಡಿಸಿದ ಮೇಲೂ ರಾತ್ರಿ ಒಂಬತ್ತಕ್ಕೆ ದೀಪ ಮಂಕಾಗುತ್ತಿತ್ತು. ಬ್ಯಾಟರಿ ಕೊಟ್ಟವರ ಬಳಿ ಹೋಗಿ ಜಗಳವನ್ನೂ ಆಡಿದೆ. ಕೊನೆಗೆ ಎಂಜಿನ್ ಚಾಲೂ ಇಟ್ಟು ಮಲ್ಟಿಮೀಟರ್ ಹಿಡಿದೆ. ಮುಂದೆ 14.2 ವೋಲ್ಟ್, ಹಿಂದೆ 13.1. ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಮಾಯ! ಸೀಸದ ಬ್ಯಾಟರಿ ಹೊಟ್ಟೆ ತುಂಬ ಚಾರ್ಜ್ ಆಗಲು 14ರ ಮೇಲೆ ಬೇಕು, 13.1ರಲ್ಲಿ ಅದು ಅರ್ಧ ಹಸಿವಿನಲ್ಲೇ ಉಳಿಯುತ್ತದೆ.

ಮನೆಯ ವೈರಿಂಗಿನಲ್ಲಿ ಉಳಿದಿದ್ದ 2.5 ಸ್ಕ್ವೇರ್ (ಅಡ್ಡಕೊಯ್ತ 2.5 ಚದರ ಮಿಲಿಮೀಟರ್) ವೈರನ್ನು ಎಳೆದಿದ್ದೆ. ಆ ನಾಲ್ಕು ಮೀಟರಿನಲ್ಲಿ 12 ಆಂಪಿಯರ್ ಹರಿಯುವಾಗ ಕಳೆಯುತ್ತಿದ್ದದ್ದು ಸುಮಾರು 0.3 ವೋಲ್ಟ್. ದೊಡ್ಡ ಕಳ್ಳ ಬೇರೆಲ್ಲೋ ಇದ್ದ. ಹಿಂದಿನ ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ ಲೋಹಕ್ಕೆ ಮೀಟರ್ ಇಟ್ಟಾಗ 0.6 ವೋಲ್ಟ್ ತೋರಿಸಿತು. ಬಣ್ಣದ ಮೇಲೆಯೇ ಬೋಲ್ಟ್ ಬಿಗಿದು ಬಾಡಿ ಅರ್ತ್ ಕೊಟ್ಟಿದ್ದೆ, ಅಂದರೆ ಕರೆಂಟ್ ಮರಳುವ ದಾರಿ ವ್ಯಾನಿನ ತಗಡೇ. ಮುಟ್ಟಿ ನೋಡಿದರೆ ಆ ಬೋಲ್ಟ್ ಬೆಚ್ಚಗಿತ್ತು. ಪಂಪ್ ಪೆಟ್ಟಿಗೆಗಳಲ್ಲಿ ಸಡಿಲ ಜೋಡಣೆ ಹುಡುಕಿಯೇ ಅನ್ನ ತಿನ್ನುವವನು ನನ್ನ ಗಾಡಿಯಲ್ಲಿ ಅದನ್ನು ನೋಡಿರಲಿಲ್ಲವೆಂಬುದು ಇಂದಿಗೂ ಚುಚ್ಚುತ್ತದೆ.

ಕೆಂಪು (ಪಾಸಿಟಿವ್), ಕಪ್ಪು (ನೆಗೆಟಿವ್) ಎರಡಕ್ಕೂ 16 ಸ್ಕ್ವೇರ್ ತಾಮ್ರದ ವೈರ್ ಎಳೆದು, ಕಪ್ಪನ್ನು ನೇರವಾಗಿ ಮುಂದಿನ ಬ್ಯಾಟರಿಯವರೆಗೆ ಒಯ್ದೆ. ವೈರ್ ತುದಿಯ ಲೋಹದ ಲಗ್‌ಗಳನ್ನು ಒತ್ತುಯಂತ್ರದಲ್ಲಿ ಒತ್ತಿಸಿದೆ. ಕೆಂಪು ವೈರಿನ ಎರಡೂ ತುದಿಯಲ್ಲಿ, ಬ್ಯಾಟರಿಗೆ ಹತ್ತಿರದಲ್ಲಿ, ಒಂದೊಂದು ಫ್ಯೂಸ್ ಇದೆ. ಎರಡೂ ಕಡೆ ಬ್ಯಾಟರಿ ಇರುವುದರಿಂದ ವೈರ್ ಎಲ್ಲಿ ಉಜ್ಜಿ ಬಾಡಿಗೆ ತಗುಲಿದರೂ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ. ಒಂದೇ ಫ್ಯೂಸ್ ಸಾಕೆನ್ನುವವರ ಮಾತು ಕೇಳಬೇಡಿ. ಈಗ 25 ಆಂಪಿಯರ್ ಹರಿಯುವಾಗಲೂ ಹಿಂದೆ 13.9 ಸಿಗುತ್ತದೆ, ಬ್ಯಾಟರಿ ತುಂಬುತ್ತ ಬಂದಂತೆ ಅದು 14 ದಾಟುತ್ತದೆ.

ಹಾಗಿದ್ದರೂ ಓಡಿಸಿದ ಮಾತ್ರಕ್ಕೆ ತುಂಬುವುದಿಲ್ಲ. ನನ್ನ ಎರಡು ಎಲ್‌ಇಡಿ ದೀಪಗಳು ಸೇರಿ 60 ವ್ಯಾಟ್, ನಾಲ್ಕು ಗಂಟೆಗೆ 20 ಆಂಪಿಯರ್-ಅವರ್ ತಿನ್ನುತ್ತವೆ. ಗ್ರೈಂಡರನ್ನು ಇನ್ವರ್ಟರಿನ ಮೂಲಕ ಇಪ್ಪತ್ತು ನಿಮಿಷ ಓಡಿಸಿದರೆ ಇನ್ನೊಂದು 20. ಮೈಸೂರಿಗೆ ಸಾಮಾನು ತರಲು ಹೋದರೆ 45 ಕಿಲೋಮೀಟರ್, ಒಂದು ಗಂಟೆ. ಅಷ್ಟರಲ್ಲಿ 20 ತುಂಬಿದರೆ ಹೆಚ್ಚು. ಐದಾರು ಕಿಲೋಮೀಟರಿನ ಊರಿಂದೂರಿನ ಓಡಾಟದಲ್ಲಿ ಅದೂ ಇಲ್ಲ. ಕೊನೆಯ ಐದನೆಯ ಒಂದು ಭಾಗವಂತೂ ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ. ಸದಾ ಅರೆಬರೆ ಉಳಿದರೆ ಸೀಸದ ಫಲಕಗಳಿಗೆ ಸಲ್ಫೇಟ್ ಕಟ್ಟಿ ಬ್ಯಾಟರಿ ಸಾಯುತ್ತದೆ. ಆದ್ದರಿಂದ ವಾರಕ್ಕೊಂದು ರಾತ್ರಿ ಮನೆಯ ಕರೆಂಟಿನ ಚಾರ್ಜರ್ ಹಾಕುತ್ತೇನೆ.

ಹೊಸ ಗಾಡಿಗಳಲ್ಲಿ ಕೆಲವಕ್ಕೆ ಆಲ್ಟರ್ನೇಟರ್ ತಾನಾಗಿಯೇ ವೋಲ್ಟೇಜ್ ಇಳಿಸುತ್ತದೆ, ಅಲ್ಲಿ ನನ್ನ ಗಾಡಿಯಲ್ಲಿರುವಂಥ ರಿಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಅವಕ್ಕೂ, ಲಿಥಿಯಂ ಬ್ಯಾಟರಿಗೂ ಡಿಸಿ-ಡಿಸಿ ಚಾರ್ಜರ್, ಅಂದರೆ ಒಳಬರುವ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಸರಿಪಡಿಸಿ ಕೊಡುವ ಪೆಟ್ಟಿಗೆ, ಹಾಕಿಸಬೇಕು.

ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಹಿಂದಿನ ಬ್ಯಾಟರಿಗೆ ಮೀಟರ್ ಇಡುತ್ತೇನೆ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ ಸುಳ್ಳು ಹೇಳುವುದಿಲ್ಲ. 12.7 ಇದ್ದರೆ ಗ್ರೈಂಡರ್ ಹೇರಿಕೊಂಡು ಹೊರಡುತ್ತೇನೆ. 12.3 ಇದ್ದರೆ ಆ ದಿನ ಬ್ಯಾಟರಿಯನ್ನು ದೀಪಕ್ಕಷ್ಟೇ ಬಳಸುತ್ತೇನೆ.