ಕೊಡಗಿನ ರಸ್ತೆಗಳಿಗೆ ಒಪ್ಪುವ ಕ್ಯಾಮೆರಾ ಆರಿಸುವುದು ಹೇಗೆ?

ಕುಶಾಲನಗರ ದಾಟಿ ಸುಂಟಿಕೊಪ್ಪದತ್ತ ಏರತೊಡಗಿದಂತೆ ರಸ್ತೆಯ ಇಕ್ಕೆಲಗಳಲ್ಲಿ ಕಾಫಿ ತೋಟಗಳ ನೆರಳು ದಟ್ಟವಾಗುತ್ತದೆ. ಸಿಲ್ವರ್ ಓಕ್ ಮರಗಳ ನಡುವೆ ಒಂದು ತಿರುವಿನಲ್ಲಿ ಕಣ್ಣು ಕುಕ್ಕುವ ಬಿಸಿಲು ಬಿದ್ದರೆ ಮರು ತಿರುವಿನಲ್ಲಿ ಮುಸ್ಸಂಜೆಯಂಥ ಮಬ್ಬು ಕವಿದಿರುತ್ತದೆ. ಈ ದಾರಿಯನ್ನು ಚಿತ್ರೀಕರಿಸಲು ಕ್ಯಾಮೆರಾ ಕೊಳ್ಳುವವರು ಮೆಗಾಪಿಕ್ಸೆಲ್ ಸಂಖ್ಯೆಗಿಂತ ಮೊದಲು ಮಂದ ಬೆಳಕು, ಕುಲುಕಾಟ ಮತ್ತು ತೇವ ಎಂಬ ಮೂರು ವಿಷಯಗಳನ್ನು ವಿಚಾರಿಸಬೇಕು.

ಮೊದಲ ಹೆಜ್ಜೆಯಾಗಿ, ಚಿತ್ರೀಕರಣ ಚಲಿಸುವ ವಾಹನದಿಂದಲೋ ನಿಂತ ಜಾಗದಿಂದಲೋ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಸಂಪಾಜೆ ಘಾಟಿಯ ತಿರುವುಗಳನ್ನು ಉದ್ದಕ್ಕೂ ದಾಖಲಿಸಲು, ಅಥವಾ ವಾಹನ ನಿಲ್ಲಿಸಲು ಅವಕಾಶವಿಲ್ಲದ ನಾಗರಹೊಳೆಯ ಕಾಡುದಾರಿಯಲ್ಲಿ ಸಾಗುವಾಗ, ಮುಂಗಾಜಿನ ಬಳಿ ಭದ್ರವಾಗಿ ಕೂರಿಸಬಹುದಾದ ಸಣ್ಣ ಆ್ಯಕ್ಷನ್ ಕ್ಯಾಮೆರಾ ಸೂಕ್ತ. ಚಾಲಕರೇ ಚಿತ್ರೀಕರಿಸುವುದಾದರೆ ಹೊರಡುವ ಮೊದಲೇ ಅದನ್ನು ಚಾಲೂ ಮಾಡಿಟ್ಟು, ದಾರಿಯಲ್ಲಿ ಮುಟ್ಟಲೇಬಾರದು. ರಾಜಾಸೀಟ್‌ನಲ್ಲೋ ತಲಕಾವೇರಿಯಲ್ಲೋ ಇಳಿದು ಬೆಟ್ಟಸಾಲುಗಳನ್ನು ಸೆರೆಹಿಡಿಯುವವರಿಗೆ ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೆಯದಾಗಿ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಭಾಗ) ಮತ್ತು ಕಂಪನ ನಿಯಂತ್ರಣವನ್ನು ಒಟ್ಟಿಗೇ ಪರಿಶೀಲಿಸಬೇಕು, ಏಕೆಂದರೆ ಇಲ್ಲಿ ಇವೆರಡನ್ನು ಬೇರ್ಪಡಿಸಲಾಗದು. ಆ್ಯಕ್ಷನ್ ಕ್ಯಾಮೆರಾಗಳು ಸಾಮಾನ್ಯವಾಗಿ ಚಿತ್ರದ ಅಂಚುಗಳನ್ನು ಕತ್ತರಿಸಿ, ಪ್ರತಿ ಫ್ರೇಮನ್ನೂ ಸರಿಸಿ ಜೋಡಿಸುವ ಮೂಲಕ ಅಲುಗಾಟವನ್ನು ಅಡಗಿಸುತ್ತವೆ. ಬಯಲಿನ ಬಿಸಿಲಿನಲ್ಲಿ ಈ ವಿಧಾನ ಚೆನ್ನಾಗಿಯೇ ನಡೆಯುತ್ತದೆ. ತೋಟದ ನೆರಳಿಗೆ ಬಂದೊಡನೆ ಬೆಳಕು ಸಾಲದೆ ಶಟರ್ ನಿಧಾನವಾಗುತ್ತದೆ, ಅಂದರೆ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಬೀಳಬೇಕಾಗುತ್ತದೆ. ಆಗ ಪ್ರತಿ ಫ್ರೇಮಿನೊಳಗೇ ಚಿತ್ರ ಕಲಸಿಹೋಗಿರುವುದರಿಂದ, ಎಷ್ಟೇ ಜೋಡಿಸಿದರೂ ಆ ಕಲಸುವಿಕೆ ಉಳಿದೇ ಉಳಿಯುತ್ತದೆ. ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗುವ ಒರಟು ದಾರಿಯಲ್ಲಿ, ಅದೂ ಮಂಜು ಕವಿದ ಹೊತ್ತಿನಲ್ಲಿ, ಈ ದೋಷ ಎದ್ದು ಕಾಣುತ್ತದೆ. ಆದ್ದರಿಂದ ಎರಡು ಮಾದರಿಗಳ ನಡುವೆ ಆಯ್ಕೆ ಬಂದಾಗ, ಹೆಚ್ಚು ರೆಸಲ್ಯೂಷನ್ ಉಳ್ಳದ್ದಕ್ಕಿಂತ, ಹೆಚ್ಚು ಬೆಳಕು ಹಿಡಿಯುವ ದೊಡ್ಡ ಸೆನ್ಸರ್ ಉಳ್ಳದ್ದನ್ನೇ ಆರಿಸಿರಿ ಎಂಬುದು ನನ್ನ ಖಚಿತ ಸಲಹೆ. ಮಿರರ್‌ಲೆಸ್ ಕೊಳ್ಳುವವರು ಸೆನ್ಸರನ್ನೇ ಅಲುಗಿಸಿ ಕಂಪನವನ್ನು ಸರಿದೂಗಿಸುವ ವ್ಯವಸ್ಥೆ ಇದೆಯೇ ಎಂದು ಕೇಳಬೇಕು. ಕೈಯಲ್ಲಿ ಹಿಡಿದು ಚಿತ್ರೀಕರಿಸುವಾಗ ಅದರ ನೆರವು ದೊಡ್ಡದು.

ಮೂರನೆಯದು ತೇವ. ಮಳೆಗಾಲದಲ್ಲಿ ಇಲ್ಲಿಗೆ ಬರುವವರು ಕ್ಯಾಮೆರಾ ಮಾತ್ರವಲ್ಲದೆ ಲೆನ್ಸ್ ಕೂಡ ಹನಿ ತಡೆಯುವಂತೆ ರಚಿತವಾಗಿದೆಯೇ ಎಂದು ನೋಡಿಕೊಳ್ಳಬೇಕು, ಎರಡರಲ್ಲಿ ಒಂದಕ್ಕೆ ರಕ್ಷಣೆಯಿಲ್ಲದಿದ್ದರೂ ನೀರು ಒಳಸೇರುತ್ತದೆ. ಮಡಿಕೇರಿಯ ಚಳಿಯಲ್ಲಿ ತಣ್ಣಗಾದ ಲೆನ್ಸ್ ಘಾಟಿ ಇಳಿದು ಸುಳ್ಯದ ಸೆಕೆಗೆ ಬಂದಾಗ ಗಾಜಿನ ಮೇಲೆ ಹಬೆ ಕಟ್ಟುವುದುಂಟು. ಚೀಲದೊಳಗೇ ಇಟ್ಟು ನಿಧಾನವಾಗಿ ಬೆಚ್ಚಗಾಗಲು ಬಿಟ್ಟರೆ ಇದು ತಪ್ಪುತ್ತದೆ. ಕೊಡಗಿನಲ್ಲೇ ನೆಲೆಸಿರುವವರಿಗೆ ಇನ್ನೊಂದು ಮಾತು: ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮರೆತ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಗಾಜಿನ ಲೇಪನಕ್ಕೇ ಹಾನಿಯಾಗಬಹುದು. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯ ಖರ್ಚನ್ನೂ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ.

ಕಾರಿನ ಒಳಗಿನಿಂದ ಚಿತ್ರೀಕರಿಸುವಾಗ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಗಾಜಿನಲ್ಲಿ ಮೂಡುವುದರಿಂದ, ಪ್ರತಿಫಲಿತ ಬೆಳಕನ್ನು ತಡೆಯುವ ಪೋಲರೈಸಿಂಗ್ ಫಿಲ್ಟರ್ ಹಾಕಬಹುದಾದ ಮಾದರಿಯೇ ಮೇಲು. ಆದರೆ ಅದು ಬೆಳಕನ್ನೂ ತಗ್ಗಿಸುತ್ತದೆ. ದಟ್ಟ ನೆರಳಿನಲ್ಲಿ ತೆಗೆದಿಡುವುದು ಒಳಿತು. ಡ್ಯಾಶ್‌ಬೋರ್ಡಿನ ಮೇಲೆ ಕಪ್ಪು ಬಟ್ಟೆ ಹಾಸಿದರೂ ಪ್ರತಿಬಿಂಬ ಬಹುಪಾಲು ಅಡಗುತ್ತದೆ.

ಮೆಮೊರಿ ಕಾರ್ಡಿನ ಲೆಕ್ಕ ಸರಳ. ಸೆಕೆಂಡಿಗೆ 100 ಮೆಗಾಬಿಟ್ ವೇಗದ 4ಕೆ ವಿಡಿಯೊ ಗಂಟೆಗೆ ಸುಮಾರು 45 ಜಿಬಿ ತುಂಬುತ್ತದೆ; ಅಂದರೆ 64 ಜಿಬಿ ಕಾರ್ಡು ಒಂದೂವರೆ ಗಂಟೆಗೂ ಬರುವುದಿಲ್ಲ. ವಿ30 ಗುರುತುಳ್ಳ (ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್, ಅಂದರೆ 240 ಮೆಗಾಬಿಟ್ ಬರೆಯಬಲ್ಲ) ಕಾರ್ಡು ಈ ವೇಗಕ್ಕೆ ಸಾಕು. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುವುದರಿಂದ ಒಂದನ್ನು ಹೆಚ್ಚಿಗೆ ಇಟ್ಟುಕೊಳ್ಳಿ.

ಹಣ ಕೊಡುವ ಮೊದಲು ಕೊನೆಯ ಪರೀಕ್ಷೆಯೊಂದನ್ನು ಮಾಡಿ. ಅಂಗಡಿಯ ಝಗಮಗಿಸುವ ದೀಪಗಳ ಕೆಳಗೆ ಎಲ್ಲ ಕ್ಯಾಮೆರಾಗಳೂ ಚೆನ್ನಾಗಿಯೇ ತೋರುತ್ತವೆ. ಅಂಗಡಿಯವರ ಒಪ್ಪಿಗೆ ಪಡೆದು ಸಂಜೆ ಹೊತ್ತಿಗೆ ಹೊರಗೆ ಮರದ ನೆರಳಿಗೆ ಬಂದು, ನಡೆಯುತ್ತ ಒಂದು ನಿಮಿಷ ಚಿತ್ರೀಕರಿಸಿ, ಅದನ್ನು ದೊಡ್ಡ ಪರದೆಯಲ್ಲಿ ಹಾಕಿ ಎಲೆಗಳ ಅಂಚು ಸ್ಪಷ್ಟವಾಗಿ ಉಳಿದಿದೆಯೇ ಎಂದು ನೋಡಿ.