ನಗರದ ಮಳೆ, ತಾಪಮಾನದ ಏರಿಳಿತ: ನಾನು ಲೆಕ್ಕ ಹಾಕುವ ಬಗೆ

ಉಷ್ಣವಲಯದ ನಗರವೊಂದರ ದಿನವಹಿ ಹವಾಮಾನ ದಾಖಲೆ ಕೈಗೆ ಬಂದರೆ ನಾನು ಮೊದಲು ಸರಾಸರಿ ತೆಗೆಯುವುದಿಲ್ಲ, ಖಾಲಿ ಜಾಗ ಹುಡುಕುತ್ತೇನೆ. ಮಳೆ ಬಾರದ ದಿನ 0 ಇರಬೇಕು, ಅಳತೆ ತೆಗೆಯದ ದಿನ ಖಾಲಿ ಇರಬೇಕು. ಎಷ್ಟೋ ಕಡತಗಳಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಅಳತೆ ಇಲ್ಲದ ಕಡೆ -999 ತುಂಬಿದ್ದರೆ ಕಣ್ಣಿಗೆ ಬೀಳುತ್ತದೆ, 99.9 ತುಂಬಿದ್ದರೆ ಕಷ್ಟ, ಅಷ್ಟು ಮಿಲಿಮೀಟರ್ ಮಳೆ ಒಂದೇ ದಿನ ನಿಜಕ್ಕೂ ಸುರಿಯಬಹುದಲ್ಲ!

ಆಮೇಲೆ ವಾರದ ದಿನಗಳ ಪರೀಕ್ಷೆ. 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನಗಳು ಸೋಮವಾರ ಎಷ್ಟು, ಮಂಗಳವಾರ ಎಷ್ಟು ಎಂದು ಬೇರೆಬೇರೆ ಎಣಿಸುತ್ತೇನೆ. ಮಳೆಗೇನು ರಜೆ ಇಲ್ಲ. ರಜಾದಿನ ಎಣಿಕೆ ಕುಸಿದು ಮರುದಿನದ ಪ್ರಮಾಣ ಉಬ್ಬಿದ್ದರೆ, ಎರಡು ದಿನದ ನೀರನ್ನು ಒಟ್ಟಿಗೆ ಅಳೆದಿದ್ದಾರೆ ಎಂದೇ ಅನುಮಾನ. ತಿಂಗಳ ಮೊತ್ತಕ್ಕೆ ಇದರಿಂದ ತೊಂದರೆಯಿಲ್ಲ, ದಿನದ ಗರಿಷ್ಠ ಮಳೆಯ ಲೆಕ್ಕ ಮಾತ್ರ ಕೆಟ್ಟಂತೆಯೇ.

ಕೊರತೆಗೂ ಮಿತಿ ಬೇಕು. ತಾಪಮಾನದಲ್ಲಿ 11 ದಿನ, ಅಥವಾ ಸತತ 5 ದಿನ ಇಲ್ಲವಾದರೆ ಆ ತಿಂಗಳ ಸರಾಸರಿ ಬಿಡುತ್ತೇನೆ. ಮಳೆಯಲ್ಲಿ ಒಂದು ದಿನ ತಪ್ಪಿದರೂ ಮೊತ್ತ ನಂಬುವುದಿಲ್ಲ. ತಿಂಗಳ ಅರ್ಧ ಮಳೆ ಅದೇ ದಿನ ಬಂದಿರಬಹುದು.

ಮಳೆಯ ಏರಿಳಿತಕ್ಕೆ ಮಾರ್ಪಿನ ಗುಣಾಂಕ ಸರಿಹೊಂದುತ್ತದೆ: ಮಾನಕ ವಿಚಲನೆಯನ್ನು (ವರ್ಷವರ್ಷದ ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂಬ ಅಳತೆ) ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿದರಾಯಿತು. ಮಳೆಗಾಲದ ತಿಂಗಳಿಗೆ ಸರಾಸರಿ 180, ವಿಚಲನೆ 70 ಮಿ.ಮೀ. ಇದ್ದರೆ ಶೇ. 39. ಒಣ ತಿಂಗಳಿಗೆ ಸರಾಸರಿ 5, ವಿಚಲನೆ 12 ಇದ್ದರೆ ಶೇ. 240! ಈ ಎರಡನೆಯದಕ್ಕೆ ಬೆಚ್ಚಬೇಕಿಲ್ಲ, ಛೇದ ಚಿಕ್ಕದು ಅಷ್ಟೇ. ಒಣ ತಿಂಗಳುಗಳನ್ನು ಒಂದೇ ಋತುವಾಗಿ ಕೂಡಿಸಿ, ಸರಾಸರಿಯ ಪಕ್ಕದಲ್ಲಿ ಮಧ್ಯಾಂಕವನ್ನೂ (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವುದು) ಕೊಡುತ್ತೇನೆ.

ಇದೇ ಸೂತ್ರವನ್ನು ತಾಪಮಾನಕ್ಕೆ ಹಚ್ಚಿದ ವರದಿಗಳು ಸಾಕಷ್ಟಿವೆ. ನನಗೆ ಅದು ಒಪ್ಪಿಗೆಯಿಲ್ಲ. ಸರಾಸರಿ 27 ಡಿಗ್ರಿ ಸೆಲ್ಸಿಯಸ್, ವಿಚಲನೆ 0.8 ಆದರೆ ಗುಣಾಂಕ ಸುಮಾರು ಶೇ. 3. ಅದೇ ದಾಖಲೆಯನ್ನು ಫ್ಯಾರನ್‌ಹೀಟ್‌ಗೆ ಬದಲಿಸಿ: ಸರಾಸರಿ 80.6, ವಿಚಲನೆ 1.44, ಗುಣಾಂಕ ಶೇ. 1.8. ಹವೆ ಅದೇ, ಉತ್ತರ ಬೇರೆ. ಮಳೆಯ ಸೊನ್ನೆ ಎಂದರೆ ನಿಜಕ್ಕೂ ಏನೂ ಇಲ್ಲ. ಸೆಲ್ಸಿಯಸ್ ಸೊನ್ನೆ ನಾವು ಇಟ್ಟುಕೊಂಡ ಗುರುತು. ಹಾಗಾಗಿ ತಾಪಮಾನಕ್ಕೆ ವಿಚಲನೆಯನ್ನು ಡಿಗ್ರಿಯಲ್ಲೇ ಬರೆಯುತ್ತೇನೆ.

ಗರಿಷ್ಠ, ಕನಿಷ್ಠ ಎರಡನ್ನೂ ಬೇರೆಬೇರೆ ಇಡುವುದು ಮುಖ್ಯ. ಹಗಲು ಕಾದ ಕಾಂಕ್ರೀಟು, ಡಾಂಬರು ರಾತ್ರಿ ಶಾಖ ಬಿಡುವುದರಿಂದ ನಗರದ ಪ್ರಭಾವ ಗಾಳಿಯಿಲ್ಲದ ನಿರ್ಮಲ ರಾತ್ರಿಗಳ ಕನಿಷ್ಠ ತಾಪಮಾನದಲ್ಲಿ ಎದ್ದು ಕಾಣುತ್ತದೆ; ಎರಡನ್ನೂ ಕೂಡಿ ಅರ್ಧಿಸಿದರೆ ಮಸುಕಾಗುತ್ತದೆ.

ಏರಿಕೆಯ ದರಕ್ಕೆ ಸೆನ್ ಇಳಿಜಾರು (ಪ್ರತಿ ಎರಡೆರಡು ವರ್ಷಗಳ ನಡುವಿನ ಏರಿಕೆಯ ದರಗಳ ಮಧ್ಯಾಂಕ), ಅದು ಆಕಸ್ಮಿಕವೇ ಎಂದು ನೋಡಲು ಮಾನ್-ಕೆಂಡಾಲ್ ಪರೀಕ್ಷೆ ಬಳಸುತ್ತೇನೆ. ಆದರೆ ಅದಕ್ಕೂ ಮೊದಲು ಉಪಕರಣ ಯಾವಾಗ ಸ್ಥಳ ಬದಲಿಸಿತು, ಮಳೆಮಾಪಕದ ಪಕ್ಕ ಮರ ಬೆಳೆಯಿತೇ, ಕಟ್ಟಡ ಎದ್ದಿತೇ ಎಂದು ವಿಚಾರಿಸಲೇಬೇಕು. ಅಡ್ಡಿಯ ತುದಿ ಮಾಪಕದ ಬಾಯಿಗಿಂತ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇರಬೇಕು. ಹತ್ತಿರದ ಇನ್ನೊಂದು ಕೇಂದ್ರದ ಸಂಚಿತ ಮಳೆಯ (ವರ್ಷವರ್ಷ ಕೂಡಿಸುತ್ತ ಹೋದ ಮೊತ್ತ) ಎದುರು ನಮ್ಮ ಕೇಂದ್ರದ ಸಂಚಿತ ಮಳೆಯನ್ನು ಗ್ರಾಫ್ ಹಾಕಿ. ಗೆರೆ ಯಾವ ವರ್ಷ ಬಾಗುತ್ತದೋ ಆ ವರ್ಷದ ಕಾಗದಪತ್ರ ತೆಗೆಸಿ ನೋಡಿ.