ಒಂಬತ್ತು ದಂಡಗಳಲ್ಲಿ ಏಳನ್ನು ರದ್ದು ಮಾಡಿಸಿದ ನನ್ನ ಅನುಭವ

"ಐನೂರು ರೂಪಾಯಿ ದಂಡ ತಪ್ಪಿಸಲು ಐದು ಸಾವಿರ ಖರ್ಚು ಮಾಡುವವರು ನೀವೊಬ್ಬರೇ ಮಾರಾಯ್ರೇ" ಎಂದು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದವರೇ ಈಗ ತಮ್ಮ ಸಂಚಾರ ದಂಡದ ಚಲನ್‌ಗಳನ್ನು ಮೊಬೈಲಿಗೆ ಕಳುಹಿಸಿ ದಾರಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುವುದು ಲೇಸೆನಿಸಿತು. ಗಾಡಿ ಇಟ್ಟುಕೊಂಡವರಿಗೆ ಚಲನ್ ನೋಡುವುದೂ ಹಣ ಕಟ್ಟುವುದೂ ಗೊತ್ತೇ ಇರುವುದರಿಂದ ಆ ಪಾಠವನ್ನು ಇಲ್ಲಿ ಹೇಳುವುದಿಲ್ಲ.

ನನ್ನದು ಕೆಎ-15 ನೋಂದಣಿಯ ಹಳೆಯ ಪಿಕಪ್. ಸೀಸನ್ನಿನಲ್ಲಿ ಅಡಿಕೆ ಮೂಟೆ, ಮಳೆಗಾಲದಲ್ಲಿ ಕೊಳೆರೋಗದ ಔಷಧಿಗೆ ಬೇಕಾದ ಮೈಲುತುತ್ತು ಮತ್ತು ಸುಣ್ಣ ಹೊತ್ತುಕೊಂಡು ಸಾಗರ, ಆನಂದಪುರ, ಶಿವಮೊಗ್ಗಗಳ ನಡುವೆ ಓಡಾಡುವುದಷ್ಟೇ ಅದರ ಕೆಲಸ. ಹೀಗಿರುವಾಗ 2024ರ ಮಳೆಗಾಲದಿಂದ ಮುಂದಿನ ಹನ್ನೊಂದು ತಿಂಗಳೊಳಗೆ, ಅದು ಎಂದೂ ಕಾಲಿಡದ ದೂರದ ನಗರವೊಂದರಿಂದ ಒಂಬತ್ತು ಚಲನ್‌ಗಳು ಬಂದವು. ಕೆಲವು ಸೀಟ್ ಬೆಲ್ಟ್ ಹಾಕದ್ದಕ್ಕೆ, ತಲಾ 500 ರೂಪಾಯಿ. ಉಳಿದವು ಅತಿವೇಗಕ್ಕೆ, ತಲಾ 1000. ಆಯನೂರಿನ ಏರು ಹತ್ತುವಾಗಲೇ ಏದುಸಿರು ಬಿಡುವ ಗಾಡಿಗೆ ಅತಿವೇಗದ ಆರೋಪ ಬಂದದ್ದು ಒಂದು ರೀತಿಯಲ್ಲಿ ಮರ್ಯಾದೆಯೇ.

ಮೊದಲ ಎರಡನ್ನು ಹೆದರಿ ಕಟ್ಟಿಬಿಟ್ಟೆ. ಅದು ನನ್ನ ಮೊದಲ ತಪ್ಪು, ಎಲ್ಲಕ್ಕಿಂತ ದೊಡ್ಡ ತಪ್ಪು ಕೂಡ. ಹಣ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆಯೇ ಆಗುತ್ತದೆ; ಆ 1500 ರೂಪಾಯಿ ಇಂದಿಗೂ ಹಿಂದಿರುಗಿಲ್ಲ. ಮೂರನೆಯದು ಬಂದಾಗ ಮಧ್ಯವರ್ತಿಯೊಬ್ಬನಿಗೆ ಆರುನೂರೋ ಏಳುನೂರೋ ಕೊಟ್ಟೆ. ಆತ ಮಾಡಿದ್ದು ನಾನೇ ಮೊಬೈಲಿನಲ್ಲಿ ನೋಡಿಕೊಳ್ಳಬಹುದಾಗಿದ್ದ ಚಲನ್ ಪ್ರತಿಯನ್ನು ಬಣ್ಣದಲ್ಲಿ ಮುದ್ರಿಸಿ ಕೊಟ್ಟದ್ದು ಮಾತ್ರ. ಹತ್ತಿರದ ಠಾಣೆಗೆ ಹೋದರೆ, ದಂಡ ಹಾಕಿದ ಊರು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿ ಚಹಾ ಕುಡಿಸಿ ಕಳುಹಿಸಿದರು.

ಅನಂತರ ಕಾನೂನಿನ ಹುಚ್ಚು ಹಿಡಿಯಿತು. ಕ್ಯಾಮೆರಾ ದಂಡವಾದರೆ ಹದಿನೈದು ದಿನಗಳೊಳಗೆ ಸೂಚನೆ ಕಳುಹಿಸಬೇಕು, ಅದರಲ್ಲಿ ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರವಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ಆಗ ಹೇಳುತ್ತಿತ್ತು. ನನಗೆ ಒಂದು ಎಸ್‌ಎಂಎಸ್ ಕೂಡ ಬಂದಿರಲಿಲ್ಲವಾದ್ದರಿಂದ ಇದೇ ಬ್ರಹ್ಮಾಸ್ತ್ರವೆಂದು ಬಗೆದು ಎರಡು ಪುಟಗಳ ಪತ್ರ ಬರೆದೆ. ನೋಂದಾಯಿತ ಸಂಖ್ಯೆಗೆ ಸೂಚನೆ ಕಳುಹಿಸಲಾಗಿದೆ ಎಂಬ ಒಂದೇ ಸಾಲಿನ ಉತ್ತರ ಬಂತು. ನೋಡಿದರೆ ಆರ್‌ಸಿ ದಾಖಲೆಯಲ್ಲಿದ್ದದ್ದು ನಾನು ಎಂದೋ ಬಿಟ್ಟ ಹಳೆಯ ಸಿಮ್‌ನ ಸಂಖ್ಯೆ! ಓದುತ್ತಿರುವವರು ತಮ್ಮ ದಾಖಲೆಯಲ್ಲಿರುವ ಸಂಖ್ಯೆ ಯಾವುದೆಂದು ಇಂದೇ ನೋಡಿಕೊಳ್ಳಬೇಕು.

ಇಷ್ಟರಲ್ಲಿ 2025ರ ಜುಲೈ ಬಂತು, ಗಾಡಿಯ ಎಫ್‌ಸಿ (ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮುಗಿಯಿತು. ದಂಡ ಬಾಕಿ ಇರುವುದರಿಂದ ಅರ್ಜಿ ಮುಂದೆ ಹೋಗದೆ, ಔಷಧಿ ಸಾಗಿಸುವ ಕಾಲದಲ್ಲೇ ಪಿಕಪ್ ಹಲವು ವಾರ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿತು. ಬಾಡಿಗೆ ಗಾಡಿಗೆ ಹೋದದ್ದು ಸುಮಾರು ಹದಿನಾಲ್ಕು ಸಾವಿರ. ಅದೇ ಹೊತ್ತಿಗೆ, ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿಯೂ ಬಂತು. ಉಳಿದಿದ್ದ ಏಳು ದಂಡಗಳ 5500 ರೂಪಾಯಿ 2750ಕ್ಕೆ ಮುಗಿಯುತ್ತಿತ್ತು. ಮನೆಯವರಿಂದ ಮಂಡಿಯವರವರೆಗೆ ಎಲ್ಲರೂ ಕಟ್ಟಿ ಕೈತೊಳೆದುಕೊಳ್ಳಿ ಎಂದರು. ಆದರೆ ನನ್ನ ಹೆಸರಿಗೆ ದಂಡ ತರುತ್ತಿರುವ ಯಾರದೋ ಗಾಡಿ ಆ ನಗರದಲ್ಲಿ ಇನ್ನೂ ಓಡಾಡುತ್ತಿರುವಾಗ ಏಳನ್ನು ಕಟ್ಟಿದರೆ ಎಂಟನೆಯದು ಬರುವುದು ನಿಲ್ಲುತ್ತದೆಯೇ?

ಕೊನೆಗೆ ಕೆಲಸ ಮಾಡಿದ್ದು ಕಾನೂನಿನ ವಾದವಲ್ಲ, ಚಿತ್ರ. ಹಗಲಿನಲ್ಲಿ ತೆಗೆದ ಮೂರು ಚಿತ್ರಗಳಲ್ಲಿ ವಾಹನದ ಪ್ಲೇಟು ಬಿಳಿ, ನನ್ನದು ಸರಕು ಗಾಡಿಯಾದ್ದರಿಂದ ಹಳದಿ. ಅಷ್ಟು ದಿನ ಕಾನೂನಿನ ಸೆಕ್ಷನ್‌ಗಳನ್ನು ಹುಡುಕುತ್ತಿದ್ದ ನನ್ನ ಕಣ್ಣಿಗೆ ಇದು ಬಿದ್ದಿರಲೇ ಇಲ್ಲ. ರಾತ್ರಿಯ ನಾಲ್ಕು ಚಿತ್ರಗಳೇ ಕಷ್ಟ ಕೊಟ್ಟವು, ಏಕೆಂದರೆ ಅವುಗಳಲ್ಲಿ ಹಳದಿಯೂ ಬಿಳಿಯೂ ಒಂದೇ ಬೂದು ಬಣ್ಣ. ಜಾಲತಾಣದಲ್ಲಿದ್ದ ಪ್ರತಿಗಳು ಅಂಚೆಚೀಟಿಯಷ್ಟು ಚಿಕ್ಕವಾಗಿದ್ದುದರಿಂದ ಮೂಲ ಚಿತ್ರಗಳಿಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ನನ್ನ ಸಿಟ್ಟು ಅಷ್ಟರಲ್ಲಿ ಹಿಡಿಯದೆ ಮೊದಲ ಅರ್ಜಿ ವಾಪಸು ಬಂತು. ಎರಡನೆಯದನ್ನು ಐದು ಸಾಲಿನಲ್ಲಿ ಬರೆದೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿದೆ, ಸುಮಾರು ಒಂದು ತಿಂಗಳಿಗೆ ಚಿತ್ರಗಳು ಬಂದವು.

ದೊಡ್ಡದು ಮಾಡಿ ನೋಡಿದಾಗ ಎಲ್ಲವೂ ತಿಳಿಯಿತು. ಎರಡರಲ್ಲಿ ಲಾರಿಯೊಂದರ ಪ್ಲೇಟಿಗೆ ಕೆಸರು ಮೆತ್ತಿ 8 ಎಂಬುದು 3ರಂತೆ ಕಂಡಿತ್ತು. ಉಳಿದ ಎರಡರಲ್ಲಿ, ಹಗಲಿನ ಚಿತ್ರಗಳಲ್ಲಿದ್ದ ಅದೇ ಬಿಳಿ ಕಾರು. ಅದರ ಮಾಲೀಕರು ಅಕ್ಷರಗಳನ್ನು ಅಲಂಕಾರವಾಗಿ ಬರೆಸಿದ್ದರಿಂದ ಕ್ಯಾಮೆರಾ ಒಂದಕ್ಷರವನ್ನು ಇನ್ನೊಂದಾಗಿ ಓದಿತ್ತು. ನನ್ನ ಪಿಕಪ್ಪಿಗೆ 2024ರ ಆರಂಭದಲ್ಲೇ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟು) ಹಾಕಿಸಿದ್ದೆ. ಅದರ ಎಡತುದಿಯಲ್ಲಿರುವ ಅಶೋಕ ಚಕ್ರದ ಹೊಲೊಗ್ರಾಮ್ ಆಗಲಿ, ಅದರ ಕೆಳಗಿನ ಐಎನ್‌ಡಿ ಅಕ್ಷರಗಳಾಗಲಿ ಆ ಕಾರಿನಲ್ಲಿರಲಿಲ್ಲ. ಮಗನನ್ನು ಅಡಿಕೆ ಏಣಿಯ ಮೇಲೆ ನಿಲ್ಲಿಸಿ, ಕ್ಯಾಮೆರಾ ಇರುವಷ್ಟೇ ಎತ್ತರದಿಂದ, ಅದೇ ಓರೆಯಲ್ಲಿ ನನ್ನ ಗಾಡಿಯ ಚಿತ್ರ ತೆಗೆಸಿದೆ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಮುದ್ರಿಸಿ, ಅದೇ ದಿನದ ಮಂಡಿ ಚೀಟಿ ಸೇರಿಸಿ, ಚಲನ್‌ಗೆ ಒಂದರಂತೆ ಪ್ರತ್ಯೇಕ ದೂರು ಕಳುಹಿಸಿದೆ. ಏಳನ್ನೂ ಒಂದೇ ಪತ್ರದಲ್ಲಿ ತುಂಬಿದ್ದ ಹಿಂದಿನ ಇನ್ನೊಂದು ಪ್ರಯತ್ನಕ್ಕೆ ಉತ್ತರವೇ ಬಂದಿರಲಿಲ್ಲ. ಈ ಸಲ ಮೂರು ವಾರಗಳಲ್ಲಿ ಆರು ರದ್ದಾದವು. ದೂರಿನ ಮೊದಲ ಸಾಲನ್ನು ಹೇಗೆ ಬರೆದೆ, ಆ ಕಾರಿನ ನಿಜವಾದ ಸಂಖ್ಯೆಯನ್ನು ಹೇಗೆ ಖಚಿತಪಡಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮುಖತಃ ಸಿಕ್ಕವರಿಗೆ ಹೇಳಬಲ್ಲೆ.

ಏಳನೆಯದು ಆಗಲೇ, ಚಲನ್‌ಗಳನ್ನು ಆನ್‌ಲೈನಿನಲ್ಲೇ ನೋಡುವ ವರ್ಚುವಲ್ ಕೋರ್ಟಿಗೆ ಹೋಗಿತ್ತು. ಅಲ್ಲಿ ದಂಡ ಕಟ್ಟುತ್ತೇನೆ ಎನ್ನಬೇಕು ಅಥವಾ ಪ್ರಕರಣ ಎದುರಿಸುತ್ತೇನೆ ಎನ್ನಬೇಕು, ಮೂರನೆಯ ದಾರಿಯಿಲ್ಲ. ಎದುರಿಸುತ್ತೇನೆ ಎಂದರೆ ಅದು ಆ ಊರಿನ ಮಾಮೂಲಿ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಎರಡು ಸಲ ಹೋಗಿಬರುವ ಖರ್ಚು ಎರಡು ಸಾವಿರದ ಮೇಲಾಯಿತು, ವಕೀಲರಿಗೆ ಮೂರು ಸಾವಿರ. ಮೊದಲ ಸಲ ಮುಂದಿನ ದಿನಾಂಕ ಕೊಟ್ಟರು, ಎರಡನೆಯ ಸಲ ಅಕ್ಕಪಕ್ಕದ ಚಿತ್ರಗಳನ್ನು ನೋಡಿ ಕೈಬಿಟ್ಟರು. ಲೋಕ್ ಅದಾಲತ್‌ಗೆ ಹೋಗಬಹುದಿತ್ತಲ್ಲ ಎನ್ನುವವರಿದ್ದಾರೆ. ವಿಚಾರಿಸಿ ನೋಡಿದೆ, ಅಲ್ಲಿ ರಾಜಿಯಾಗಿ ದಂಡದ ಮೊತ್ತ ಇಳಿಯಬಹುದು, ಆದರೆ ತಪ್ಪೇ ಮಾಡದವನಿಗೆ ರಾಜಿ ಯಾತಕ್ಕೆ? ಗಾಡಿ ನಿಂತ ನಷ್ಟ ಬಿಟ್ಟರೂ ಆರು ಸಾವಿರ ಖರ್ಚಾಗಿ 5500 ಉಳಿಯಿತು. ಲೆಕ್ಕದಲ್ಲಿ ಸೋತಿದ್ದೇನೆ, ಒಪ್ಪುತ್ತೇನೆ. ಆದರೆ ಅನಂತರ ಆ ನಗರದಿಂದ ಒಂದು ಚಲನ್ ಕೂಡ ಬಂದಿಲ್ಲ.

ನಡುವೆ, ಗಾಡಿ ಎಲ್ಲಿತ್ತೆಂದು ತೋರಿಸಲು ಜಿಪಿಎಸ್ ಯಂತ್ರವೊಂದನ್ನೂ ಹಾಕಿಸಿ ನೋಡಿದೆ. ನಮ್ಮ ಕಡೆ ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಇರುವುದೇ ಅಪರೂಪವಾದ್ದರಿಂದ, ಅದರ ದಾಖಲೆಯಲ್ಲಿ ಗಾಡಿ ಸಂಜೆ ಶರಾವತಿ ಹಿನ್ನೀರಿನ ನಡುವೆ ತೇಲುತ್ತಿದ್ದು ಬೆಳಿಗ್ಗೆ ದಡ ಸೇರುತ್ತಿತ್ತು. ಅದಕ್ಕೆ ಬೇರೆಯಾಗಿ ನಾಲ್ಕು ಸಾವಿರ ಹೋಯಿತು. ಹತ್ತು ರೂಪಾಯಿಯ ಬ್ರಶ್ ಕೊಂಡು ಮಳೆಗಾಲದಲ್ಲಿ ದಿನವೂ ಪ್ಲೇಟು ತೊಳೆಯುವುದು ಅದಕ್ಕಿಂತ ಉಪಯುಕ್ತ.

ಲೈಸೆನ್ಸ್ ವಿಷಯದಲ್ಲಿ ನನ್ನ ದಾಖಲೆ ಇಷ್ಟು ಚೆನ್ನಾಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಚಾಲಕ ಅಡಿಕೆ ಕೊನೆ (ಗೊನೆ) ತೆಗೆಯಲು ಬಂದಿದ್ದ ಎಂಟು ಜನರನ್ನು ಪಿಕಪ್ಪಿನ ಹಿಂದೆ ಕೂರಿಸಿಕೊಂಡು ಹೋಗಿ ಸಿಕ್ಕಿಬಿದ್ದ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸಿದರೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಸೂಚಿಸಿತ್ತು. ಮಲೆನಾಡಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂಬುದು ನನ್ನ ವಾದವಾಗಿತ್ತು, ಅದು ವಾದವೇ ಅಲ್ಲವೆಂದು ತಿಳಿಯಲು ಮೂರು ತಿಂಗಳ ಬದಲಿ ಚಾಲಕನ ಸಂಬಳ ಹಿಡಿಯಿತು. ಎರಡನೆಯ ಸಲ, ಮೊಬೈಲ್ ಬಳಸಿದನೆಂದು ಅದೇ ಹುಡುಗನ ಲೈಸೆನ್ಸ್ ಠಾಣೆಯಿಂದ ಆರ್‌ಟಿಒ ಕಚೇರಿಗೆ ಹೋದಾಗ ನೋಟಿಸನ್ನು ಮೂಲೆಗೆ ಎಸೆಯಲಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಚಾಲಕನ ಮಾತು ಕೇಳಿ, ಕಾರಣ ಬರೆದೇ ಅಮಾನತು ಮಾಡಬೇಕು; ಮಾಡಿದರೂ ಮೂವತ್ತು ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಫೋನು ದಾರಿ ತೋರಿಸಲು ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿನಲ್ಲಿತ್ತು ಎಂಬುದಕ್ಕೆ ಚಿತ್ರವನ್ನೂ, ಆ ಹೊತ್ತಿನಲ್ಲಿ ಯಾವ ಕರೆಯೂ ಇರಲಿಲ್ಲ ಎಂಬುದಕ್ಕೆ ಕರೆ ವಿವರವನ್ನೂ ಕೊಟ್ಟು ಅವನನ್ನೇ ವಿಚಾರಣೆಗೆ ಕಳುಹಿಸಿದೆ. ಎಚ್ಚರಿಕೆ ಕೊಟ್ಟು ಲೈಸೆನ್ಸ್ ಹಿಂದಿರುಗಿಸಿದರು. ಸ್ಟ್ಯಾಂಡಿಗೆ ನೂರೈವತ್ತು ರೂಪಾಯಿ ಕೊಟ್ಟಾಗ ದುಂದುವೆಚ್ಚವೆಂದು ಅವನನ್ನು ಬೈದಿದ್ದು ನಾನೇ.